ಕಳೆಯುವ ಪಟ್ಟಿ

ಗಾಳಿಯಲ್ಲಿ ತೇಲುವ ಒಂದೊಂದು ಕಣಕ್ಕೂ ಬಾಯಿ ಬಂದು, ತಾನು ಯಾರು, ಎಲ್ಲಿಂದ ಬಂದೆ ಎಂದು ಹೇಳತೊಡಗಿದರೆ ಒಂದು ಊರು ಏನು ಮಾಡೀತು? ಗದಗಿನವರು ಮೊದಲು ನಕ್ಕರು. ಆಮೇಲೆ ರೂಢಿ ಮಾಡಿಕೊಂಡರು. ಒಂದು ವರ್ಷ ಕಳೆಯುವಷ್ಟರಲ್ಲಿ ಆ ಕಣಗಳನ್ನು ಕೇಳದೆ ಮಾಳಿಗೆಯ ಮೇಲೆ ಹಪ್ಪಳ ಹಾಕುವುದನ್ನೂ ಬಿಟ್ಟರು.

ಯಂತ್ರ ಇದ್ದದ್ದು ಮುಚ್ಚಿಹೋದ ಒಂದು ಹತ್ತಿ ಗಿರಣಿಯ ಮೇಲ್ಮಾಳಿಗೆಯಲ್ಲಿ. ಬಾಗಿಲ ಮೇಲೆ ಉದ್ದನೆಯ ಸರಕಾರಿ ಹೆಸರಿತ್ತು, ಅದನ್ನು ಪೂರ್ತಿ ಓದಿದವರು ಯಾರೂ ಇರಲಿಲ್ಲ. ಊರಿಗೆಲ್ಲ ಅದು ‘ಗಾಳಿ ಜರಡಿ’. ಕೂದಲೆಳೆಯಷ್ಟು ಸಣ್ಣ ತೂತಿನಿಂದ ಅದು ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತಿತ್ತು. ಒಳಗೆ ನಿರ್ವಾತ. ಗಾಳಿ ಪಂಪಿನ ಪಾಲಾಗಿ ಕಣವೊಂದೇ ಒಂಟಿಯಾಗಿ ಮುಂದೆ ಸಾಗುತ್ತಿತ್ತು. ಎರಡು ಬೆಳಕಿನ ಗೆರೆಗಳನ್ನು ದಾಟುವ ವೇಗದಿಂದ ಅದರ ಗಾತ್ರ ತಿಳಿಯುತ್ತಿತ್ತು. ಮೂರನೆಯದು ಬೆಳಕಲ್ಲ, ಸಿಡಿಲು. ಆ ಲೇಸರ್ ಏಟಿಗೆ ಕಣ ಚೂರುಚೂರಾಗಿ, ಚೂರುಗಳೆಲ್ಲ ವಿದ್ಯುತ್ತು ಹೊತ್ತುಕೊಂಡು ಒಂದೂವರೆ ಮೀಟರು ಉದ್ದದ ಕೊಳವೆಯಲ್ಲಿ ಓಟ ಕೀಳುತ್ತಿದ್ದವು. ಹಗುರಾದವು ಮೊದಲು ತಲುಪುತ್ತವೆ, ಭಾರವಾದವು ಆಮೇಲೆ. ತಲುಪಿದ ಹೊತ್ತಿನಿಂದ ತೂಕ ಸಿಗುತ್ತದೆ, ತೂಕದಿಂದ ಹೆಸರು. ಇಪ್ಪತ್ಮೂರಾದರೆ ಸೋಡಿಯಂ, ಐವತ್ತಾರಾದರೆ ಕಬ್ಬಿಣ. ಇಷ್ಟೆಲ್ಲ ನಡೆಯುವುದು ಕಣ್ಣೆವೆ ಬಡಿಯುವುದಕ್ಕಿಂತ ಬಹಳ ಮುಂಚೆ, ಸೆಕೆಂಡಿಗೆ ನೂರು ಕಣಗಳಿಗೆ.

ಮೊದಲೆಲ್ಲ ಯಂತ್ರ ಸಾವಿರಾರು ಕಣಗಳನ್ನು ಒಟ್ಟು ಸೇರಿಸಿ ಸರಾಸರಿ ಹೇಳುತ್ತಿತ್ತು. ಹಿಂದಿನ ವರ್ಷದ ಯುಗಾದಿಯ ಹೊತ್ತಿಗೆ ಹೊಸ ಗಣಕ ಬಂದು ಒಂದೊಂದನ್ನೂ ಬಿಡಿಬಿಡಿಯಾಗಿ ಓದತೊಡಗಿತು. ಓದಿದ್ದು ಮಾರುಕಟ್ಟೆಯ ದೊಡ್ಡ ಬೋರ್ಡಿನ ಮೇಲೆ ಮೂಡುತ್ತಿತ್ತು. ‘ಈ ಹೊತ್ತಿನ ಗಾಳಿ: ರಸ್ತೆಯ ಮಣ್ಣು, ಡೀಸೆಲ್ ಮಸಿ, ಕರಿದ ಎಣ್ಣೆ.’ ಮಿರ್ಚಿ ಭಜಿ ಅಂಗಡಿಯ ಮಲ್ಲೇಶಪ್ಪ ತನ್ನ ಎಣ್ಣೆಯ ಹೆಸರು ಬೋರ್ಡಿಗೇರಿತೆಂದು ಪೇಡೆ ಹಂಚಿದ. ಮಳೆಗಾಲದಲ್ಲಿ ಕಾರವಾರದ ಕಡಲಿನ ಉಪ್ಪು ಬರುತ್ತಿತ್ತು. ಬೇಸಿಗೆಯಲ್ಲಿ ಕಡಲಾಚೆಯ ಮರಳುಗಾಡಿನ ದೂಳು ಬರುತ್ತಿತ್ತು. ಅಪರೂಪಕ್ಕೊಮ್ಮೆ ಕಬ್ಬಿಣ, ಮೆಗ್ನೀಸಿಯಂ, ನಿಕ್ಕಲ್ ಒಂದೇ ಹದದಲ್ಲಿ ಬೆರೆತ ಕಣವೊಂದು ಸಿಗುತ್ತಿತ್ತು. ಅದು ಆಕಾಶದಲ್ಲಿ ಉರಿದುಹೋದ ಉಲ್ಕೆಯ ಬೂದಿ.

ಅಂಥ ಕಣ ಮೊದಲ ಸಲ ಪರದೆಯ ಮೇಲೆ ಬಂದ ದಿನ ಅಂಬಿಕಾ ಕುರ್ಚಿ ಬಿಟ್ಟೆದ್ದು ಮಾಳಿಗೆಯ ಬಯಲಿಗೆ ಹೋಗಿ ಸುಮ್ಮನೆ ನಿಂತುಬಿಟ್ಟಿದ್ದಳು. ಭೂಮಿ ಹುಟ್ಟುವುದಕ್ಕಿಂತ ಹಿಂದಿನದು ತನ್ನ ತಲೆಗೂದಲ ಮೇಲೆ ಇಳಿಯುತ್ತಿದೆ, ತನ್ನ ಮೂಗಿನೊಳಗೆ ಹೋಗುತ್ತಿದೆ ಎಂದು ನೆನೆದು ಅವಳಿಗೆ ಮೈ ಜುಮ್ಮೆಂದಿತು. ಕೆಳಗೆ ಬೀದಿಯಲ್ಲಿ ಜನ ಉಳ್ಳಾಗಡ್ಡಿಯ ದರಕ್ಕೆ ಜಗಳವಾಡುತ್ತಿದ್ದರು. ಅವರೆಲ್ಲರ ಮೇಲೂ ಅದೇ ಬೂದಿ ಇಳಿಯುತ್ತಿತ್ತು.

ಅಂಬಿಕಾ ಈ ಯಂತ್ರ ನಡೆಸುವವಳು. ಮೂರು ವರ್ಷದ ಕೆಲಸ. ಅವಳ ಮನೆತನದ ಕಸುಬೂ ದೂಳಿನದೇ. ಪತ್ತಾರ ಓಣಿಯಲ್ಲಿ ಅಕ್ಕಸಾಲಿಗರ ಅಂಗಡಿಗಳ ಮುಂದಿನ ಕಸ ಗುಡಿಸಿ ತಂದು, ಮರಿಗೆಯಲ್ಲಿ ನೀರು ಹಾಕಿ ತೊಳೆದು, ಅದರಲ್ಲಿ ಸಿಡಿದು ಬಿದ್ದ ಚಿನ್ನದ ಅರಪುಡಿಯನ್ನು ತೆಗೆಯುವವರು ಅವರು. ಊರವರು ಜಲಗಾರರೆನ್ನುತ್ತಾರೆ. ಆ ಓಣಿಯಲ್ಲೇ ಇದ್ದ ಅಂಥ ನಲವತ್ತು ಮನೆಗಳಿಗೆ ಅವಳ ತಾಯಿ ರೇಣವ್ವನೇ ಹಿರಿಯಳು. ಒಂದು ಬುಟ್ಟಿ ಕಸವನ್ನು ಮೂಸಿದರೆ ಸಾಕು, ಯಾವ ಅಂಗಡಿಯದು, ಅದರಲ್ಲಿ ಎಷ್ಟಿದೆ ಎಂದು ಹೇಳಿಬಿಡುತ್ತಿದ್ದಳು. ಮಗಳ ಕೆಲಸ ಏನೆಂದು ಯಾರಾದರೂ ಕೇಳಿದರೆ, “ನಂದ ಕೆಲಸಾರೀ. ಆದರ ಆಕಿ ನೀರ ಹಾಕದ ತೊಳೀತಾಳ” ಎನ್ನುತ್ತಿದ್ದಳು.

ಶ್ರಾವಣದ ಒಂದು ಬೆಳಗ್ಗೆ ಪರದೆಯ ಮೇಲೆ ನೂರ ತೊಂಬತ್ತೇಳರ ಜಾಗದಲ್ಲಿ ಗೆರೆಯೊಂದು ಎದ್ದಿತು. ಒಂಟಿ ಗೆರೆ. ಬೆಳ್ಳಿಗೆ ಎರಡು ಗೆರೆ, ತಾಮ್ರಕ್ಕೆ ಎರಡು. ಅಕ್ಕತಂಗಿಯರಿಲ್ಲದೆ ಒಂಟಿಯಾಗಿ ಅಲ್ಲಿಗೆ ಬರುವುದು ಒಂದೇ ಧಾತು. ಅಂಬಿಕಾ ಎರಡೆರಡು ಸಲ ನೋಡಿದಳು. ಬಳಿಕ ಕೇಂದ್ರದ ಮುಖ್ಯಸ್ಥರಾದ ಗುಡಗೇರಿಯವರನ್ನು ಕೂಗಿದಳು.

“ಬಂಗಾರ!” ಎಂದರು ಗುಡಗೇರಿ. ಕನ್ನಡಕ ಹಣೆಗೇರಿಸಿದರು, ಇಳಿಸಿದರು. “ಅಂಬಿಕಾ, ಗಾಳ್ಯಾಗ ಬಂಗಾರ ಹಾರಾಕತ್ತೈತಿ! ಕಪ್ಪತಗುಡ್ಡದ್ದ ಇದು. ನಮ್ಮಜ್ಜ ಹೇಳತಿದ್ದ, ಗುಡ್ಡದಾಗ ಬಂಗಾರ ಐತಿ ಅಂತ.”

ಆ ಮಧ್ಯಾಹ್ನವೇ ಬೋರ್ಡಿನ ಮೇಲೆ ಬಂಗಾರ ಮೂಡಿತು. ಆಮೇಲೆ ಊರಿಗೆ ಹಿಡಿದದ್ದನ್ನು ಹುಚ್ಚು ಎನ್ನದೆ ಏನೆನ್ನಬೇಕು? ಮಾಳಿಗೆಮಾಳಿಗೆಗಳ ಮೇಲೆ ಒದ್ದೆ ಧೋತರಗಳು ಹಾರಾಡಿದವು. ಹೆಂಡತಿಯರ ರೇಷ್ಮೆ ಸೀರೆಗೂ ಪುರಸತ್ತಿರಲಿಲ್ಲ. ನಿವೃತ್ತ ಮಾಸ್ತರರೊಬ್ಬರು ಸೊಳ್ಳೆಪರದೆಗೆ ಹರಳೆಣ್ಣೆ ಸವರಿ ಬೀದಿಗೆ ಅಡ್ಡ ಕಟ್ಟಿ, ಎತ್ತಿನ ಬಂಡಿಯವನಿಂದ ಬೈಸಿಕೊಂಡರು. ಮೂರು ದಿನ ಬಿಟ್ಟು ಎಲ್ಲರೂ ಆ ಧೋತರ, ಪರದೆಗಳನ್ನು ಹೊತ್ತುಕೊಂಡು ರೇಣವ್ವನ ಅಂಗಳಕ್ಕೆ ಬಂದರು, ತೊಳೆದು ಕೊಡು ಎಂದು.

ರೇಣವ್ವ ನಗುತ್ತಲೇ ಅರ್ಧ ದಿನ ತೊಳೆದಳು. ಸಂಜೆ ಮರಿಗೆಯ ತಳದಲ್ಲಿ ಕೆಸರು ಬಿಟ್ಟು ಮತ್ತೇನೂ ಇರಲಿಲ್ಲ.

“ನಿಮ್ಮ ಸಾಹೇಬರಿಗೆ ಬುದ್ಧಿ ಐತೋ ಇಲ್ಲೋ?” ಎಂದಳು, ಕೆಲಸದಿಂದ ಬಂದ ಮಗಳಿಗೆ. “ಗುಡ್ಡದ ಬಂಗಾರ ಬೆತ್ತಲೆ ಬರೂದಿಲ್ಲ ಹುಚ್ಚಿ. ಬೆಣಚುಕಲ್ಲಿನ ಪುಡಿ ಅದಕ್ಕ ಅಂಟಿರತೈತಿ. ನಿನ್ನ ಯಂತ್ರಕ್ಕ ಕಲ್ಲು ಕಂಡೈತೇನು?”

ಅಂಬಿಕಾ ನಿಂತಲ್ಲೇ ನಿಂತಳು. ಎಂ.ಎಸ್ಸಿ. ಓದಿದ ತನಗೆ ಹೊಳೆಯದ್ದು ಅಕ್ಷರ ಬಾರದ ಅವ್ವನಿಗೆ ಹೊಳೆದಿತ್ತು. ಮಾರನೆಯ ದಿನ ಬಂಗಾರದ ಕಣಗಳನ್ನೆಲ್ಲ ಮತ್ತೆ ತೆಗೆದು ನೋಡಿದಳು. ಬೆಣಚುಕಲ್ಲಾಗಿದ್ದರೆ ಇಪ್ಪತ್ತೆಂಟರಲ್ಲಿ ಸಿಲಿಕಾನ್ ಇರಬೇಕಿತ್ತು, ಇರಲಿಲ್ಲ. ಅದರ ಬದಲು ತಾಮ್ರವಿತ್ತು, ಬೆಳ್ಳಿಯಿತ್ತು, ಸುತ್ತಲೂ ಇದ್ದಿಲಿನ ಮಸಿಯಿತ್ತು. ಇದು ಗುಡ್ಡದ ಬಂಗಾರವಲ್ಲ, ಒಡವೆಯ ಬಂಗಾರ. ಕುಲುಮೆಯಿಂದಲೋ ಒಲೆಯಿಂದಲೋ ಎದ್ದದ್ದು. ಎಂದರೆ ಪತ್ತಾರ ಓಣಿಯದು. ಗೆರೆಯ ಬಲಕ್ಕೆ, ನೂರ ತೊಂಬತ್ತೆಂಟರಿಂದ ಇನ್ನೂರ ನಾಲ್ಕರವರೆಗೆ, ಪರದೆ ಸಾರಿಸಿದ ನೆಲದಂತೆ ಚೊಕ್ಕಟವಾಗಿತ್ತು. ಅದು ಪಾದರಸದ ಜಾಗ. ಅದನ್ನು ಚೊಕ್ಕಟ ಮಾಡಿದ್ದು ಕಳೆಯುವ ಪಟ್ಟಿ.

ಈ ಪಟ್ಟಿಯ ಸಂಗತಿ ಇಷ್ಟೇ. ದಿನಾ ಬೆಳಗ್ಗೆ ಯಂತ್ರದ ಬಾಯಿಗೆ ಶೋಧಕ ಹಾಕಿ, ದೂಳಿಲ್ಲದ ಕೋಣೆಯ ಗಾಳಿಯನ್ನು ಕುಡಿಸಬೇಕು. ಆಗಲೂ ಏನಾದರೂ ಕಂಡರೆ ಅದು ಊರಿನದಲ್ಲ, ಯಂತ್ರದ್ದೇ ಕೊಳೆ ಎಂದು ಬರೆದಿಟ್ಟು, ದಿನವಿಡೀ ಬರುವ ಲೆಕ್ಕದಿಂದ ಕಳೆಯಬೇಕು. ಅಂಬಿಕಾ ಕೆಲಸಕ್ಕೆ ಸೇರಿದ ವಾರವೇ ಗೋಡೆಯ ಮೇಲಿದ್ದ ಗುಡಗೇರಿಯವರ ಹಳೆಯ ಗಾಳಿಯೊತ್ತಡದ ಮಾಪಕ ಬಿದ್ದು ಒಡೆದು, ಅದರ ಪಾದರಸ ನೆಲದ ಹಲಗೆಗಳ ಸಂದಿಗೆಲ್ಲ ಹರಿದುಹೋಗಿತ್ತು. ಅಂದಿನಿಂದ ಬೆಳಗಿನ ಖಾಲಿ ಓಟದಲ್ಲಿ ಪಾದರಸದ ಆರು ಗೆರೆಗಳು ತಪ್ಪದೆ ಬರುತ್ತಿದ್ದವು. ಪಾದರಸದ ಆವಿಗೆ ಶೋಧಕ ಅಡ್ಡಿಯಲ್ಲ, ಅಷ್ಟು ಭಾರದ ಆವಿಯನ್ನು ಪಂಪೂ ಪೂರ್ತಿ ಎಳೆದುಹಾಕಲಾರದು. ಅಂಬಿಕಾ ಅದನ್ನು ಪಟ್ಟಿಗೆ ಸೇರಿಸಿದಳು. ಯಂತ್ರ ಮೂರು ವರ್ಷದಿಂದ ಕಳೆಯುತ್ತಲೇ ಇತ್ತು.

ಅಷ್ಟರಲ್ಲಿ ಮನೆಯಲ್ಲಿ ಕುಬಸ ಬಂತು. ತಮ್ಮ ವಿರೂಪಾಕ್ಷಿಯ ಹೆಂಡತಿ ಮಹಾನಂದಾಳಿಗೆ ಐದು ತಿಂಗಳು. ಎರಡು ಸಲ ಗರ್ಭ ನಿಲ್ಲದೆ, ಮೂರನೆಯದು ನಿಂತಿತ್ತು. ರೇಣವ್ವ ಊರಿಗೂರನ್ನೇ ಕರೆದಳು. ಯಾವತ್ತೂ ಎರಡು ದಿನ ಒಟ್ಟಿಗೆ ರಜೆ ಹಾಕದ ಅಂಬಿಕಾ ಒಂಬತ್ತು ದಿನ ಹಾಕಿದಳು. ಹಸಿರು ಸೀರೆ, ಹಸಿರು ಬಳೆ ತೊಟ್ಟು ಕುಳಿತ ಮಹಾನಂದಾ, ಮಡಿಲಿಗೆ ಅಕ್ಕಿ ಬೀಳುವಾಗ ಎರಡೂ ಕೈಯಿಂದ ಹೊಟ್ಟೆಯನ್ನು ಮುಚ್ಚಿಕೊಂಡಿದ್ದಳು. ಆರತಿ ಎತ್ತುವಾಗ ರೇಣವ್ವನ ಕೈ ನಡುಗಿ ದೀಪ ಅಲ್ಲಾಡಿತು. ವಯಸ್ಸಾಯಿತು ಎಂದುಕೊಂಡಳು ಅಂಬಿಕಾ.

ಹತ್ತನೆಯ ದಿನ ಕೆಲಸಕ್ಕೆ ಹೋದಾಗ ಜೊತೆಗಾರ ಇಮಾಮಸಾಬ ಚಹಾ ಹಿಡಿದು ಕಾಯುತ್ತಿದ್ದ. ಹಿಂದೆಲ್ಲ ಅವಳಿಲ್ಲದ ದಿನ ಖಾಲಿ ಓಟ ಮಾಡದೆ ಹಿಂದಿನ ದಿನದ ಪಟ್ಟಿಯನ್ನೇ ನಡೆಸುತ್ತಿದ್ದರು. ಈ ಸಲ ಒಂಬತ್ತು ದಿನವೂ ಇಮಾಮಸಾಬನೇ ಮಾಡಿದ್ದ.

“ಅಕ್ಕಾರ, ನೀವು ರಜಾ ಹಾಕಿದ್ರಿ, ನಿಮ್ಮ ಪಾದರಸಾನೂ ರಜಾ ಹಾಕಿತ್ತು ನೋಡ್ರಿ” ಎಂದು ನಕ್ಕ.

“ಅಂದ್ರ?”

“ಎರಡನೇ ದಿನಕ್ಕ ಅರ್ಧ ಆತು, ನಾಕನೇ ದಿನಕ್ಕ ಸೊನ್ನಿ. ಒಡದದ್ದೆಲ್ಲಾ ಆರಿ ಹೋತು ಅಂತ ಸಾಹೇಬ್ರು ಭಾಳ ಖುಷಿ ಆದ್ರು.”

ಅಂಬಿಕಾ ಶೋಧಕ ಹಾಕಿ, ಎಂದಿನ ಕುರ್ಚಿಯಲ್ಲಿ ಯಂತ್ರದ ಬಾಯಿಗೆ ಒಂದು ಮೊಳ ದೂರ ಕುಳಿತು ಖಾಲಿ ಓಟ ಹಚ್ಚಿದಳು. ನೂರ ತೊಂಬತ್ತೆಂಟರಲ್ಲಿ ಒಂದು ಗೆರೆ ಎದ್ದಿತು. ಆಮೇಲೆ ಇನ್ನೂರು, ಇನ್ನೂರೊಂದು. ಇನ್ನೂರ ಎರಡರದು ಎಲ್ಲಕ್ಕೂ ಎತ್ತರವಾಗಿ. ಆರೂ ಬಂದವು.

ಇಮಾಮಸಾಬನ ನಗು ಆರಿತು. ಅವಳು ಎದ್ದು ಕೋಣೆಯಿಂದ ಹೊರಗೆ ಹೋದಳು. ಕಾಲು ಗಂಟೆ ಬಿಟ್ಟು, “ಇಳದಾವ್ರಿ ಅಕ್ಕಾರ” ಎಂದು ಅವನು ಒಳಗಿನಿಂದ ಕೂಗಿದ. ಅವಳು ಮತ್ತೆ ಒಳಗೆ ಬಂದಳು. ಏರಿದವು. ಕೊನೆಗೆ ಸೀರೆಯ ಸೆರಗನ್ನು ಕೊಳವೆಯ ಬಾಯಿಗೇ ಹಿಡಿದಳು. ಗೆರೆಗಳು ಪರದೆಯ ನೆತ್ತಿಗೆ ಹೋಗಿ ಬಡಿದವು.

ಆ ಕ್ಷಣದಲ್ಲಿ ಅವಳಿಗೆ ಭಯಕ್ಕಿಂತ ಮುಂಚೆ ಬಂದದ್ದು ಬೆರಗು. ಕಡಲಾಚೆಯ ಮರಳನ್ನು, ಆಕಾಶದ ಬೂದಿಯನ್ನು ಗುರುತಿಸಿದ ಈ ಯಂತ್ರ ಮೂರು ವರ್ಷದಿಂದ ದಿನಾ ಬೆಳಗ್ಗೆ ಅವಳ ಮನೆಯ ಸುದ್ದಿಯನ್ನೂ ಹೇಳುತ್ತಿತ್ತು. ಇದು ಕೊಳೆ, ಇದನ್ನು ಕಳೆ ಎಂದು ಅವಳೇ ಅದರ ಬಾಯಿ ಮುಚ್ಚಿಸಿದ್ದಳು. ಭಯ ಆಮೇಲೆ ಬಂತು, ಹಸಿರು ಬಳೆ ತೊಟ್ಟ ಎರಡು ಕೈಗಳ ರೂಪದಲ್ಲಿ.

ಮಧ್ಯಾಹ್ನ ಹೇಳದೆ ಕೇಳದೆ ಮನೆಗೆ ಬಂದಳು. ಹಿತ್ತಿಲ ಛಪ್ಪರದ ಬಾಗಿಲು ಮುಚ್ಚಿತ್ತು. ನೂಕಿದರೆ ಒಳಗೆ ಇದ್ದಿಲ ಒಲೆ, ಒಲೆಯ ಮೇಲೆ ಸಣ್ಣ ಮೂಸೆ, ಪಕ್ಕದಲ್ಲಿ ರೇಣವ್ವ. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಬೀಸಣಿಗೆ ಹಾಕುತ್ತಿದ್ದವಳು ಮಹಾನಂದಾ. ಮೇಲೆ ಹಗ್ಗದ ಮೇಲೆ ಅಂಬಿಕಾಳ ಸೀರೆಗಳು ಒಣಗುತ್ತಿದ್ದವು.

ಅಂಬಿಕಾ ಮಹಾನಂದಾಳ ರಟ್ಟೆ ಹಿಡಿದು ಹೊರಗೆಳೆದು ತಂದಳು. ರೇಣವ್ವ ಗಾಬರಿಯಿಂದ ಹಿಂದೆಯೇ ಬಂದಳು.

“ಪಾದರಸದ ಹೊಗಿ ವಿಷ ಅಂತ ನಾ ಹೇಳಿದಾಗ, ಅದು ಮನ್ಯಾಗ ಬರೂದಿಲ್ಲ ಅಂತ ಮರಿಗಿ ಮುಟ್ಟಿ ಆಣಿ ಮಾಡಿದ್ದಿ, ಅವ್ವಾ!”

“ನೀ ಓದಿದಾಕಿ, ಸುಳ್ಳಸುಳ್ಳ ಅಂಜತಿ ಅಂತ ಹೇಳಲಿಲ್ಲವ್ವಾ” ಎಂದಳು ರೇಣವ್ವ, ತಲೆ ತಗ್ಗಿಸಿ. “ಹಿಟ್ಟಿನಂಥ ಬಂಗಾರ ನೀರಾಗ ತೇಲಿ ಹೋಗತೈತಿ. ನೀರು ಬಿಟ್ಟದ್ದನ್ನ ಪಾದರಸ ಹಿಡೀತೈತಿ. ಆಮ್ಯಾಲ ಸುಟ್ಟರ ಅದು ಹೊಗಿ ಆಗಿ ಹೋಗತೈತಿ, ಬಂಗಾರ ಉಳೀತೈತಿ. ನಮ್ಮತ್ತಿ ಹಂಗ ಮಾಡತಿದ್ಲು, ಓಣಿ ತುಂಬ ಹಂಗ ಮಾಡ್ತಾರ. ಗಾಳ್ಯಾಗ ಹೋದದ್ದು ಹೋತು. ಅದೆಲ್ಲಿ ಉಳೀತೈತಿ?”

ಅಂಬಿಕಾಳಿಗೆ ಬೈಯಬೇಕೆನ್ನಿಸಿತು, ಅಳಬೇಕೆನ್ನಿಸಿತು. ಎರಡೂ ಆಗದೆ, “ನಾಳೆ ಇಬ್ಬರೂ ನನ್ನ ಸಂಗಡ ಬರ್ರಿ” ಎಂದಳು.

ಗಿರಣಿಯ ಮೆಟ್ಟಿಲು ಹತ್ತುವಾಗ ರೇಣವ್ವ ಗುಡಿಗೆ ಬಂದವಳಂತೆ ಚಪ್ಪಲಿ ಬಿಟ್ಟಳು. ಗುಡಗೇರಿಯವರು ಎದ್ದು ಕೈಮುಗಿದು ಕುರ್ಚಿ ಕೊಟ್ಟರು. ಛಪ್ಪರದ ಹೊಗೆ ಸೋಕದ ಹೊಸ ಸೀರೆ ಉಟ್ಟು ಬಂದಿದ್ದ ಅಂಬಿಕಾ ಕಳೆಯುವ ಪಟ್ಟಿಯಿಂದ ಪಾದರಸವನ್ನು ತೆಗೆದುಹಾಕಿದಳು. ಕಾಗದದ ಆಲಿಕೆಯೊಂದನ್ನು ಕೊಳವೆಗೆ ಸಿಕ್ಕಿಸಿ ಅವ್ವನ ಬಾಯಿಗೆ ಹಿಡಿದಳು.

“ಉಸುರು ಬಿಡವ್ವಾ.”

ಮನುಷ್ಯನ ಉಸಿರಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ಹನಿಗಳಿರುತ್ತವೆ, ಒಂದೊಂದೂ ಪುಪ್ಪುಸದ ಅಡಿಯಿಂದ ಎದ್ದು ಬಂದದ್ದು. ಪರದೆಯ ಮೇಲೆ ಅವು ಒಂದೊಂದೇ ಸಿಡಿದವು. ರಕ್ತದ ಉಪ್ಪು ಬಂತು. ಬೆಳಗಿನ ಚಹಾ ಬಂತು. ಆಮೇಲೆ ನೂರ ತೊಂಬತ್ತೇಳರಲ್ಲಿ ಒಂಟಿ ಗೆರೆ.

“ಅದು ಬಂಗಾರ. ನಿನ್ನೊಳಗ ಐತಿ” ಎಂದಳು ಅಂಬಿಕಾ.

ರೇಣವ್ವ ಬಾಯಿ ತೆರೆದು ನೋಡುತ್ತ ಉಳಿದಳು. ಐವತ್ತು ವರ್ಷ ಮರಿಗೆಯ ತಳದಲ್ಲಿ ಹುಡುಕಿದ್ದು ತನ್ನ ಎದೆಯ ತಳದಲ್ಲಿತ್ತು. “ಯವ್ವಾ” ಎಂದಳು ಮೆಲ್ಲಗೆ. ಅಷ್ಟರಲ್ಲಿ ಬಂಗಾರದ ಪಕ್ಕ ಆರು ಗೆರೆಗಳು ಎದ್ದು ನಿಂತವು. ಅವುಗಳ ಮುಂದೆ ಬಂಗಾರ ಗಿಡ್ಡಾಗಿ ಕಂಡಿತು.

“ಈ ಆರು ಏನು?”

“ಗಾಳ್ಯಾಗ ಹೋದದ್ದು.”

ಆಮೇಲೆ ಮಹಾನಂದಾ ಊದಿದಳು. ಬಂಗಾರದ ಗೆರೆ ಏಳಲೇ ಇಲ್ಲ. ಆರು ಗೆರೆಗಳು ಮಾತ್ರ ಎದ್ದವು, ಅತ್ತೆಯವಕ್ಕಿಂತ ಎತ್ತರವಾಗಿ. ಒಲೆಗೆ ಹತ್ತಿರ ಕುಳಿತವಳು ಅವಳೇ ಅಲ್ಲವೆ? ಅವಳಿಗೆ ಓದಲು ಬರುತ್ತಿತ್ತು. ಅಂಬಿಕಾ ಬೇಡವೆನ್ನುವಷ್ಟರಲ್ಲಿ ಎರಡೂ ಚಿತ್ರಗಳನ್ನು ತಾನೇ ಹೋಲಿಸಿ ನೋಡಿದಳು.

“ಅಕ್ಕಾ, ಮೊದಲಿನ ಎರಡೂ ಇದರಿಂದ ಹೋದ್ವೇನು?” ಎಂದು ಕೇಳಿದಳು.

ಪರದೆ ಗಾಳಿಯನ್ನು ಹೇಳುತ್ತದೆ, ಹಿಂದಿನದನ್ನು ಹೇಳುವುದಿಲ್ಲ. ಗುಡಗೇರಿಯವರು ಹುಬ್ಬಳ್ಳಿಯ ಒಬ್ಬ ಪರಿಚಯದ ವೈದ್ಯೆಗೆ ಫೋನ್ ಹಚ್ಚಿ, ಮಾತಾಡಿ, ಇಟ್ಟರು. “ಇವತ್ತ ಇಬ್ಬರದೂ ರಕ್ತ ಪರೀಕ್ಷಾ ಮಾಡಸ್ರಿ ಅಂದಾರ. ಕೈ ನಡುಗೂದೂ ಇದರದ ಗುರುತಂತ. ಇನ್ನ ಮ್ಯಾಲ ಒಂದು ಉಸುರೂ ಅದನ್ನ ಕುಡೀಬಾರದು. ಹೊಸದು ಒಳಗ ಹೋಗದಿದ್ದರ ಹಳೇದನ್ನ ಮೈ ತಾನ ಮೆಲ್ಲಕ ಹೊರಗ ಹಾಕತೈತಂತ. ಕೂಸಿಗೆ ಏನೂ ಆಗೂದಿಲ್ಲ ಅಂತ ಮಾತು ಕೊಡಾಕ ಬರೂದಿಲ್ಲ, ಆದರ ಆಶಾ ಐತಿ ಅಂದಾರ.”

ರೇಣವ್ವ ಎದ್ದು ಸೊಸೆಯ ಮುಂದೆ ನಿಂತಳು. ಕ್ಷಮೆ ಕೇಳುವ ಮಾತು ಅವಳಿಗೆ ರೂಢಿಯಿರಲಿಲ್ಲ. ಸೊಸೆಯ ಗಲ್ಲ ಮುಟ್ಟಿ, ಆ ಕೈಯನ್ನು ಹಾಗೆಯೇ ತನ್ನ ಹಣೆಗೆ ಒತ್ತಿಕೊಂಡಳು. ಬಳಿಕ ಗುಡಗೇರಿಯವರ ಕಡೆ ತಿರುಗಿದಳು.

“ಸಾಹೇಬ್ರ, ಓಣ್ಯಾಗ ಇನ್ನೂ ಮೂರು ಮಂದಿ ಬಸುರ್ಯಾರ ಅದಾರ. ಇದನ್ನ ಬೋರ್ಡಿನ ಮ್ಯಾಲ ಹಾಕ್ರಿ.”

“ಹಾಕಿದ್ರ ನಿಮ್ಮ ಓಣಿ ಹೆಸರು ಕೆಡತೈತಿ, ರೇಣಮ್ಮಾರ. ಪೊಲೀಸ್ರು ಬರ್ತಾರ, ಕಸುಬ ನಿಲ್ಲಬಹುದು.”

“ನೀರಿಲೆ ತೊಳದು ಸಿಕ್ಕಷ್ಟ ತಗೊಂತೀವಿ. ಯಂತ್ರ ಹೇಳಿತು ಅಂದ್ರ ಅವರು ನಂಬೂದಿಲ್ಲ, ಬಂಗಾರದ ಸುದ್ದಿ ಹೇಳಿ ಹುಚ್ಚ ಹಿಡಿಸಿದ್ದು ಇದ ಅಲ್ಲೇನು? ಪಾದರಸ ರೇಣವ್ವನ ಮನಿಂದ ಬಂತು ಅಂತ ಬರೀರಿ. ಆಗ ನಂಬ್ತಾರ.”

ಹಾಗೆಯೇ ಬರೆದರು. ಮಾರುಕಟ್ಟೆಯಲ್ಲಿ ಆ ಸಾಲು ಮೂಡಿದಾಗ ರೇಣವ್ವ ಬೋರ್ಡಿನ ಕೆಳಗೇ ನಿಂತಿದ್ದಳು. ಓದಿದವರು ಅವಳನ್ನು ನೋಡಿದರು, ಕೆಲವರು ಬೈದರು. ಅವಳು ಕದಲಲಿಲ್ಲ. ಮಾರನೆಯ ದಿನದಿಂದ ಓಣಿಯ ಹೆಂಗಸರನ್ನು ಕೈಹಿಡಿದು ಗಿರಣಿಯ ಮೆಟ್ಟಿಲು ಹತ್ತಿಸತೊಡಗಿದಳು, ಮೊದಲು ಆ ಮೂವರು ಬಸುರಿಯರನ್ನು. ತಿಂಗಳೊಪ್ಪತ್ತಿನಲ್ಲಿ ಓಣಿಯ ಎಲ್ಲ ಛಪ್ಪರಗಳ ಒಲೆಗಳೂ ಆರಿದವು. ಊರ ಗಾಳಿಯಲ್ಲಿ ಬಂಗಾರವೂ ಕಾಣದಾಯಿತು. ಯಾರೂ ಅದಕ್ಕಾಗಿ ಮರುಗಲಿಲ್ಲ.

ಮಹಾನಂದಾ ಪ್ರತಿ ಸೋಮವಾರ ಬಂದು ಊದುತ್ತಿದ್ದಳು. ಗೆರೆಗಳು ವಾರವಾರಕ್ಕೂ ಇಳಿದವು, ಕೆಲವು ವಾರ ಇಳಿಯದೆ ಎಲ್ಲರ ಜೀವ ಹಿಂಡಿದವು. ಮಾಘದಲ್ಲಿ ಹೆಣ್ಣು ಕೂಸು ಹುಟ್ಟಿತು. ದಿನ ತುಂಬಿಯೇ ಹುಟ್ಟಿತು, ಗಟ್ಟಿಯಾಗಿಯೇ ಅತ್ತಿತು. ಆದರೂ ರೇಣವ್ವ ಕೂಸನ್ನು ಎತ್ತಿಕೊಳ್ಳಲಿಲ್ಲ. ತನ್ನ ಕೈಯಲ್ಲಿ ಇನ್ನೂ ಏನಿದೆಯೋ ಎಂದು ಅವಳಿಗೆ ಅಂಜಿಕೆ. ನಲವತ್ತನೆಯ ದಿನ ಎಲ್ಲರೂ ಕೂಸನ್ನು ಗಿರಣಿಗೆ ತಂದರು.

ಅಂಬಿಕಾ ಆಲಿಕೆಯನ್ನು ಆ ಪುಟ್ಟ ಬಾಯಿಯ ಹತ್ತಿರ ಹಿಡಿದಳು. ಹಿಡಿದದ್ದಕ್ಕೆ ಕೂಸಿಗೆ ಸಿಟ್ಟು ಬಂದು, ಕಾಲು ಝಾಡಿಸಿ, ಗಿರಣಿ ಬಿರಿಯುವಂತೆ ಕಿರುಚಿತು. ಹನಿಗಳು ಸಾವಿರಗಟ್ಟಲೆ ಕೊಳವೆಯೊಳಗೆ ಓಡಿದವು. ಉಪ್ಪು ಬಂತು, ಹಾಲಿನ ಕೊಬ್ಬು ಬಂತು, ತೊಟ್ಟಿಲಿಗೆ ಹಾಕಿದ ಲೋಬಾನದ ಹೊಗೆ ಬಂತು. ಅಂಬಿಕಾ ಇನ್ನೂರ ಎರಡರ ಜಾಗವನ್ನು ದೊಡ್ಡದು ಮಾಡಿದಳು, ಇನ್ನೂ ದೊಡ್ಡದು ಮಾಡಿದಳು. ಕಳೆಯುವ ಪಟ್ಟಿ ಖಾಲಿಯಿದೆಯೇ ಎಂದು ಮೂರು ಸಲ ನೋಡಿದಳು. ಇಮಾಮಸಾಬನೂ ಬಗ್ಗಿ ನೋಡಿದ.

ರೇಣವ್ವ ಪರದೆಯ ಕಡೆ ನೋಡಲೇ ಇಲ್ಲ, ಮಗಳ ಮುಖವನ್ನೇ ನೋಡುತ್ತಿದ್ದಳು. “ಏನೈತಿ? ಏನ್ ಸಿಕ್ಕಿತು, ಹೇಳವ್ವಾ.”

ಅಂಬಿಕಾ ಪರದೆಯಿಂದ ಅವ್ವನ ಕಡೆ ತಿರುಗಿದಳು. “ಏನೂ ಇಲ್ಲವ್ವಾ” ಎಂದಳು. “ಏನೂ ಸಿಗಲಿಲ್ಲ.”

ಹುಟ್ಟಿದಾಗಿನಿಂದ ತೊಳೆದು ತೊಳೆದು ಏನಾದರೂ ಸಿಕ್ಕೀತೇ ಎಂದು ಬದುಕಿದ ಹೆಂಗಸು ಆ ಮಾತು ಕೇಳಿ ಅಲ್ಲಿಯೇ ನೆಲದ ಮೇಲೆ ಕುಸಿದು ಕುಳಿತು ಬಾಯಿತುಂಬ ನಕ್ಕಳು, ನಗುನಗುತ್ತಲೇ ಅತ್ತಳು. ಆಮೇಲೆ ನಡುಗುವ ಎರಡೂ ಕೈಗಳನ್ನು ಮುಂದೆ ಚಾಚಿ, ಕೂಸನ್ನು ಕೊಡು ಎಂದು ಸೊಸೆಯನ್ನು ಕೇಳಿದಳು.